ಕಲ್ಕತ್ತೆಯ ಒಂದು ಚದುರಂಗ ಪಂದ್ಯ: ದೇಶೀ ರಕ್ಷಣೆಯ ಸೋಲು ಮತ್ತು ಮಹತ್ವ

ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಚದುರಂಗವು ಜೀವಂತ ವಿದ್ಯೆಯಾಗಿತ್ತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯ ನಡೆಯ ಬಂಧಗಳನ್ನು ರಚಿಸಿದರು. ಈ ದೇಶೀ ಆಟವು ಪಾಶ್ಚಾತ್ಯ ಚದುರಂಗಕ್ಕಿಂತ ಮುಂದಾಗಿ ಯೋಚಿಸಿದ್ದಿತೆಂಬುದಕ್ಕೆ ಅದೇ ಕಾಲದ ಕಲ್ಕತ್ತೆಯ ಪಂದ್ಯವೊಂದು ಸಾಕ್ಷಿಯಾಗಿದೆ.

1855ರ ಆ ಪಂದ್ಯದಲ್ಲಿ ಬಿಳಿಯ ಕಾಯಿಗಳನ್ನು ನಡೆಸಿದವರು ಸ್ಕಾಟ್ಲೆಂಡಿನ ನ್ಯಾಯವಾದಿ ಜಾನ್ ಕಾಕ್ರೇನ್. ಕಪ್ಪಿನವರು ಬಂಗಾಳದ ಮಹೇಶಚಂದ್ರ ಬ್ಯಾನರ್ಜಿ. ದೇಶೀ ನಿಯಮದಲ್ಲಿ ಪದಾತಿಯು ಮೊದಲ ನಡೆಯಲ್ಲಿಯೂ ಒಂದೇ ಮನೆ ಸರಿಯುತ್ತದೆ. ಆ ಅಭ್ಯಾಸಕ್ಕೆ ತಕ್ಕಂತೆ ಮಹೇಶಚಂದ್ರರು ಕುದುರೆಯ ಸಾಲಿನ ಪದಾತಿಯನ್ನು ಒಂದು ಮನೆ ಸರಿಸಿ, ಅದರ ಹಿಂದೆ ಒಂಟೆಯನ್ನು ನಿಲ್ಲಿಸಿ, ಪಟದ ಮಧ್ಯಭಾಗವನ್ನು ದೂರದಿಂದ ಒತ್ತಿದರು. 67 ವರ್ಷಗಳ ತರುವಾಯ, 1922ರಲ್ಲಿ, ಹೈಪರ್‌ಮಾಡರ್ನ್ ಪಂಥದ ಅರ್ನ್‌ಸ್ಟ್ ಗ್ರೂನ್‌ಫೆಲ್ಡ್ ಪ್ರಚಾರಕ್ಕೆ ತಂದ ರಕ್ಷಣೆಯ ಮೊದಲ ಮೂರು ನಡೆಗಳು ಇವೇ ಆಗಿದ್ದವು.

ಪಂದ್ಯವನ್ನು ಗೆದ್ದವರು ಮಾತ್ರ ಕಾಕ್ರೇನ್. 14ನೆಯ ನಡೆಯಲ್ಲಿ ಕಪ್ಪಿನ ಆನೆಯು ಎಫ್8 ಮನೆಯನ್ನು ತೊರೆದುದರಿಂದ ಎಫ್7ರ ಪದಾತಿಗೆ ರಾಜನೊಬ್ಬನೇ ಕಾವಲಾದನು. 18ನೆಯ ನಡೆಯಲ್ಲಿ ಬಿಳಿಯ ಕುದುರೆ ಅದನ್ನು ಕಡಿಯಿತು. ಬಿ3ರಲ್ಲಿದ್ದ ಮಂತ್ರಿಯ ಕರ್ಣರೇಖೆಯ ಬೆಂಬಲದಿಂದಾಗಿ ರಾಜನು ಕುದುರೆಯನ್ನು ಮುಟ್ಟುವಂತಿರಲಿಲ್ಲ. ಕಪ್ಪು ತನ್ನ ಕುದುರೆಯನ್ನು ಎ5ಕ್ಕೆ ಸರಿಸಿ ಮಂತ್ರಿಯನ್ನು ಬೆದರಿಸಿದರೂ ಫಲವಿರಲಿಲ್ಲ. ಬಿಳಿಯ ಕುದುರೆ ಎಚ್6ಕ್ಕೆ ಹಾರಿದೊಡನೆ ಕುದುರೆ ಮತ್ತು ಮಂತ್ರಿ ಎರಡರಿಂದಲೂ ಶಹ. ರಾಜನು ಮೂಲೆ ಸೇರಿದರೆ ಜಿ8ರಲ್ಲಿ ಮಂತ್ರಿಯ ಬಲಿ. ಆನೆಯು ಅದನ್ನು ಕಡಿದೊಡನೆ ಕುದುರೆಯು ಎಫ್7ಕ್ಕೆ ಮರಳಿ ಮಾತ್.

ಆದುದರಿಂದ ಈ ಸೋಲಿಗೆ ಕಾರಣ ಕಾವಲು ತಪ್ಪಿದ ಒಂದು ಮನೆಯೇ ಹೊರತು ಆರಂಭದ ರಚನೆಯಲ್ಲ. ಆ ರಚನೆಯನ್ನು ಮುಂದೆ ಜಗತ್ತು ಒಪ್ಪಿಕೊಂಡಿತು. ಅದನ್ನು ಮೊದಲು ಆಡಿದವರ ಹೆಸರು ಮಾತ್ರ ಅದಕ್ಕೆ ಬರಲಿಲ್ಲ.