ಝಾಗೋರಿ: ಕಟ್ಟಿದವರ ಹೆಸರಿಲ್ಲದ ಸೇತುವೆಗಳು

ಗ್ರೀಸಿನ ವಾಯವ್ಯ ಮೂಲೆಯಲ್ಲಿ, ಅಲ್ಬೇನಿಯಾದ ಗಡಿಗೆ ಹತ್ತಿರ, ಪಿಂಡಸ್ ಪರ್ವತಸಾಲಿನ ನಡುವೆ 46 ಹಳ್ಳಿಗಳ ಒಂದು ಸೀಮೆಯಿದೆ, ಹೆಸರು ಝಾಗೋರಿ. ನೀಲಿ ಕಡಲು, ಸುಣ್ಣ ಬಳಿದ ಮನೆಗಳ ಗ್ರೀಸ್ ಇದಲ್ಲ. ಗೋಡೆ ಬೂದುಗಲ್ಲಿನದು, ಮಾಡಿಗೆ ಕಲ್ಲಿನ ಚಪ್ಪಡಿ, ಓಣಿಗೂ ಕಲ್ಲುಹಾಸು. ರಜೆಗೆ ಬಂದವರು ತಂಗುವ ಪಾಪಿಂಗೊ ಹಳ್ಳಿಯ ನೆತ್ತಿಯ ಮೇಲೆಯೇ ಅಸ್ತ್ರಾಕಾದ ಬಂಡೆಗೋಪುರಗಳಿವೆ. ಆ ಸಾಲಿನ ತಿಂಫಿ ಬೆಟ್ಟದ ಎತ್ತರ 2,497 ಮೀಟರ್. ಕೆಳಗೆ ವಿಕೋಸ್ ಕಮರಿ. ಸುಣ್ಣಕಲ್ಲನ್ನು ನೀರು ಕೊರೆದು ಮಾಡಿದ ಈ ಸೀಳು ಕೆಲವೆಡೆ ಸುಮಾರು 900 ಮೀಟರ್ ಆಳ. ಬೇಸಿಗೆಯಲ್ಲಿ ಕಮರಿಯ ಮೇಲ್ಭಾಗ ಒಣಗಿದ್ದರೂ ತಳದ ಒರತೆಗಳಿಂದ ವೊಯ್ಡೊಮಾಟಿಸ್ ಹೊಳೆ ತಿಳಿಯಾಗಿ, ಕೈಯಿಟ್ಟರೆ ಮರಗಟ್ಟುವಷ್ಟು ತಣ್ಣಗೆ ಹೊರಡುತ್ತದೆ.

1430ರಲ್ಲಿ ಹತ್ತಿರದ ಇಯೋನಿನಾ ಪಟ್ಟಣ ಒಟ್ಟೋಮನ್ನರ ಕೈಸೇರಿತು. ಅವರಿಂದ ಝಾಗೋರಿಗೆ ಸಿಕ್ಕ ಸ್ವಯಂ ಆಡಳಿತದ ಸವಲತ್ತುಗಳು 1868ರಲ್ಲಿ ಕೊನೆಗೊಂಡವು. 1913ರಲ್ಲಿ ಸೀಮೆ ಗ್ರೀಸಿಗೆ ಸೇರಿತು. 1940ರ ನವೆಂಬರಿನಲ್ಲಿ ಗ್ರೀಕರು ಇಟಲಿಯ ಸೇನೆಯನ್ನು ತಡೆದ ಕಲ್ಪಾಕಿ ಎಂಬ ಊರು ಇಲ್ಲಿಗೆ ಹತ್ತಿರ. 2023ರಲ್ಲಿ ಝಾಗೋರಿ ವಿಶ್ವ ಪರಂಪರೆಯ ಪಟ್ಟಿಗೇರಿತು.

ಈ ಮಣ್ಣಿನಲ್ಲಿ ಬೆಳೆ ಕಡಿಮೆ. ಆದ್ದರಿಂದ ಗಂಡಸರು ವಲಾಕಿಯಾ, ಕಾನ್‌ಸ್ಟಾಂಟಿನೋಪಲ್, ಈಜಿಪ್ಟಿಗೆ ವ್ಯಾಪಾರಕ್ಕೆ ಹೋದರು. ಗಳಿಸಿದ ಹಣ ಊರಿನ ಶಾಲೆ, ಚರ್ಚು, ಸೇತುವೆಗಳಾಯಿತು. ಕಿಪಿ ಹಳ್ಳಿಯ ಬಳಿಯ ಮೂರು ಕಮಾನಿನ ಸೇತುವೆ 1814ರದು, ಕೊಕ್ಕೋರಿ ಸೇತುವೆ 1750ರದು. ಕಟ್ಟಿದವರು ಪಕ್ಕದ ಕೊನಿತ್ಸಾ ಕಡೆಯ ಕಲ್ಲುಕುಟಿಗರ ತಂಡಗಳು. ವಸಂತದಲ್ಲಿ ಹೇಸರಗತ್ತೆಗಳ ಮೇಲೆ ಉಳಿ, ಸುತ್ತಿಗೆ ಹೇರಿಕೊಂಡು ಊರು ಬಿಟ್ಟರೆ ಮರಳುವುದು ಚಳಿಗಾಲದ ಹೊತ್ತಿಗೆ. ಕಸುಬಿನ ಗುಟ್ಟು ಹೊರಗಿನವರಿಗೆ ತಿಳಿಯದಂತೆ ತಮ್ಮದೇ ಗುಪ್ತ ಮಾತು ಇಟ್ಟುಕೊಂಡಿದ್ದರು. ಹೊಳೆಯ ಮೇಲೆ ಮರದ ಅಚ್ಚು ನಿಲ್ಲಿಸಿ, ಎರಡೂ ದಡದಿಂದ ಕಲ್ಲು ಜೋಡಿಸುತ್ತ ಬಂದು, ನಡುನೆತ್ತಿಯ ಬೀಗದ ಕಲ್ಲು ಕೂರಿಸಿದ ಮೇಲೆ ಅಚ್ಚು ತೆಗೆಯುತ್ತಿದ್ದರು. ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿಯುವುದರಿಂದ ಕಮಾನು ನಿಲ್ಲುತ್ತದೆ. ಮನೆಯ ಗೋಡೆಗಳಲ್ಲಿ ಅಲ್ಲಲ್ಲಿ ಅಡ್ಡ ಮರ ಹುದುಗಿಸಿದ್ದು ಭೂಕಂಪಕ್ಕೆ ಗೋಡೆ ಬಿರಿಯದಿರಲೆಂದು.

ಸೇತುವೆಗಳಿಗೆ ಉಳಿದ ಹೆಸರು ಮಾತ್ರ ಹಣ ಕೊಟ್ಟವರದು, ದುರಸ್ತಿ ಮಾಡಿಸಿದವರದು. ಮಿಸ್ಸಿಯೋಸ್ ಸೇತುವೆಗೂ ದಾನಿಯದೇ ಹೆಸರು. ಕೊನಿತ್ಸಾದಲ್ಲಿ ಆಓಸ್ ನದಿಗೆ ಸುಮಾರು 1870ರಲ್ಲಿ ಕಟ್ಟಿದ ಒಂಟಿ ಕಮಾನಿನ ಸೇತುವೆಯ ಮೇಸ್ತ್ರಿ ಝಿಯೋಗಾಸ್ ಫ್ರೊಂಟ್ಝೋಸ್ ಎಂದು ಗೊತ್ತಿರುವುದು ಅಪರೂಪ. ಇಂಥ ಕೈಗಳಿಗೆ ಇನ್ನೂ ಹೆಚ್ಚಿನ ನೆನಪು ಸಲ್ಲಬೇಕಿತ್ತು.

ಹಳ್ಳಿಗಳ ಮೇಲಿನ ಇಳಿಜಾರುಗಳಲ್ಲಿ ದೇವರ ಕಾಡುಗಳಿವೆ. ಮರ ಕಡಿದವರಿಗೆ ಚರ್ಚಿನಿಂದ ಬಹಿಷ್ಕಾರದ ಭಯವಿತ್ತು. ಹಳೆಯ ಓಕ್ ಮರಗಳು ಉಳಿದವು, ಮನೆಗಳ ಮೇಲೆ ಗುಡ್ಡ ಕುಸಿಯುವುದೂ ತಪ್ಪಿತು.

ಯುದ್ಧಗಳ ನಂತರ ಜನ ಪಟ್ಟಣಗಳಿಗೆ, ವಿದೇಶಗಳಿಗೆ ವಲಸೆ ಹೋಗಿ ಹಳ್ಳಿಗಳು ಖಾಲಿಯಾದವು. 1970ರ ದಶಕದ ನಂತರ ಗ್ರೀಕ್ ಪ್ರವಾಸೋದ್ಯಮ ಸಂಸ್ಥೆ ಪಾಪಿಂಗೊದ ಕೆಲವು ಹಳೆಯ ಮನೆಗಳನ್ನು ಅತಿಥಿಗೃಹಗಳನ್ನಾಗಿ ಮಾಡಿತು. ಖಾಸಗಿಯವರೂ ಅದೇ ದಾರಿ ಹಿಡಿದರು. ಬಿದ್ದುಹೋಗಬೇಕಾಗಿದ್ದ ಮನೆಗಳು ಹೀಗೆ ಬದುಕಿಕೊಂಡವು. ಆದರೆ ಚಪ್ಪಡಿ ಹೊದಿಸಬಲ್ಲ ಕುಶಲಿಗರು ವಿರಳ, ಕೂಲಿ ದುಬಾರಿ. ಮಾಡು ಸೋರಿದರೆ ಹಗುರ ಹೆಂಚಿನ ಆಸೆ ಮನೆಯವರಿಗೆ ಹುಟ್ಟುವುದು ಸಹಜ. ವಾರಾಂತ್ಯದ ಅತಿಥಿಗಳು ಹೊರಟ ಮೇಲೆ ಹಳ್ಳಿಯಲ್ಲಿ ಉಳಿಯುವವರು ಬೆರಳೆಣಿಕೆಯ ವೃದ್ಧರು. ಹೊಸಬರಿಗೆ ಉಳಿ ಹಿಡಿಯಲು ಕಲಿಸುವ ಕೆಲಸ ಉಳಿದಿರುವ ಕುಶಲಿಗರ ಕಾಲದಲ್ಲೇ ಆಗಬೇಕು.