ಇಂಗ್ಲಿಷ್ ಲಿಟ್ರೇಚರ್, ಅದೂ ನಾಲ್ಕನೇ ವರ್ಷ?

"ಬಿಎ ಮುಗೀತಲ್ಲ, ಇನ್ನೆಂತ ಓದುವುದು?" ಕಳೆದ ವರ್ಷ ನನ್ನ ತಂಗಿಯ ಮನೆಯಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು. ತಂಗಿಯ ಮಗಳ ಜೊತೆ ಓದಿದವರಲ್ಲಿ ಒಬ್ಬಳು ಬಿಎಡ್‌ಗೆ ಸೇರಿದಳು, ಇನ್ನೊಬ್ಬಳ ನಿಖಾಹ್ ಆಯಿತು. ಇವಳದ್ದು ಮಾತ್ರ ಇಂಗ್ಲಿಷ್ ಸಾಹಿತ್ಯದಲ್ಲೇ ಆನರ್ಸ್ ಮಾಡುವ ಹಠ. ಬಂದಿದ್ದ ಸಂಬಂಧದವರು ಅಷ್ಟು ದಿನ ಕಾಯುವುದಿಲ್ಲ ಎಂದುಬಿಟ್ಟರು. ಬಾವ ನನಗೆ ಫೋನ್ ಮಾಡಿ, "ನೀವೇ ಹೇಳಿ ಮಾರಾಯ್ರೆ, ಇಂಗ್ಲಿಷ್ ಮಾತಾಡ್ಲಿಕ್ಕೆ ಬರ್ತದಲ್ಲ ಅವಳಿಗೆ, ಮತ್ತೆಂತಕ್ಕೆ?" ಎಂದರು.

ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿಯನ್ನು 2024ರ ಮೇ ತಿಂಗಳಲ್ಲಿ ಸರಕಾರ ಕೈಬಿಟ್ಟಿತು. ನಡುವೆ ಸೇರಿದವರಿಗೆ ಮಾತ್ರ ನಾಲ್ಕನೇ ವರ್ಷದ ಅವಕಾಶ ಉಳಿಯಿತು. ಅದೇ ವರ್ಷ ಜುಲೈಯಲ್ಲಿ ಕೇರಳದಲ್ಲಿ ಅದು ಶುರುವಾಯಿತು. ಹಾಗಾಗಿ ಮಂಜೇಶ್ವರ, ಕಾಸರಗೋಡಿನ ಮನೆಗಳಲ್ಲೂ ನಾಳೆ ಇದೇ ಪ್ರಶ್ನೆ ಏಳುವುದುಂಟು.

ಬಾವನಿಗೆ ಲೆಕ್ಕ ಹೇಳಿದೆ. ಮೂರು ವರ್ಷದ ಬಿಎ, ಎರಡು ವರ್ಷದ ಎಂಎ, ಒಟ್ಟು ಐದು. ಯುಜಿಸಿ ಪ್ರಕಾರ ನಾಲ್ಕು ವರ್ಷ ಓದಿದವರಿಗೆ ಎಂಎ ಒಂದೇ ವರ್ಷ. ಆಗಲೂ ಐದೇ. ಶೇ. 75 ಅಂಕ ಇದ್ದರೆ ನೆಟ್ ಬರೆದು ನೇರ ಪಿಎಚ್‌ಡಿಗೂ ಹೋಗಬಹುದು. ಆದರೆ ಒಂದು ವರ್ಷದ ಎಂಎ ಎಲ್ಲಿ ಉಂಟು ಎಂದು ಮೊದಲೇ ವಿಚಾರಿಸಬೇಕು. ಕಾಲೇಜಿನಲ್ಲಿ ಪಾಠ ಮಾಡಲು ಎಂಎ ಬೇಕೇ ಬೇಕು. ಇದನ್ನು ಹೇಳದೆ ಬರೀ ಆನರ್ಸ್ ಹೊಗಳುವವರ ಮಾತು ಕೇಳಬೇಡಿ.

ಅವಳಿಗೆ ಈ ಲೆಕ್ಕ ಮುಖ್ಯವಾಗಿರಲಿಲ್ಲ. "ಮೂರು ವರ್ಷ ಶೇಕ್ಸ್‌ಪಿಯರ್, ವರ್ಡ್ಸ್‌ವರ್ತ್ ಅಂತ ಬೇರೆಯವರ ನೋಟ್ಸ್ ಬರೆದೆ ಮಾಮ. ನಾಲ್ಕನೇ ವರ್ಷ ನನ್ನದೇ ಪ್ರಶ್ನೆ" ಎಂದಳು. ಸಂಶೋಧನಾ ಪ್ರಬಂಧಕ್ಕೆ ಅವಳು ಆರಿಸಿದ್ದು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಮತ್ತು ವನಮಾಲಾ ವಿಶ್ವನಾಥ ಅವರು ಮಾಡಿದ ಅದರ ಇಂಗ್ಲಿಷ್ ಅನುವಾದ 'ಬ್ರೇಕಿಂಗ್ ಟೈಸ್' ಅನ್ನು. ಎರಡೂ ಪುಸ್ತಕ ಮೇಜಿನ ಮೇಲೆ ತೆರೆದಿಟ್ಟು ಸಾಲು ಸಾಲು ಹೋಲಿಸುವುದೇ ಕೆಲಸ. ತಲಾಖ್, ಮಹರ್, ಇದ್ದತ್ ಎಂದರೆ ನಮಗೆ ವಿವರಿಸಬೇಕಿಲ್ಲ. ನಾದಿರಾಳ ಕತೆಯನ್ನು ದೂರದೂರಿನವರು ಇಂಗ್ಲಿಷಿನಲ್ಲಿ ಓದುವಾಗ ಎಷ್ಟು ವಿವರಿಸಬೇಕು? ವಿವರಿಸಿದ ಮೇಲೆ ಆ ನೋವು ಅಷ್ಟೇ ಉಳಿಯುತ್ತದಾ? ಇದು ಅವಳ ಪ್ರಶ್ನೆ. ನಮ್ಮ ಹುಡುಗಿಯೊಬ್ಬಳು ಕೇಳಬೇಕಾದ ಪ್ರಶ್ನೆಯೇ ಅಂತ ನನಗೆ ಅನಿಸಿತು.

ಸಂಬಂಧ ತಪ್ಪಿದ್ದಕ್ಕೆ ತಂಗಿಯ ಮುನಿಸು ಇನ್ನೂ ಪೂರ್ತಿ ಇಳಿದಿಲ್ಲ. ಅಜ್ಜಿಯ ಕತೆ ಬೇರೆ. ರಾತ್ರಿ ಮೊಮ್ಮಗಳು ಕಾದಂಬರಿ ಓದುವಾಗ ಮಂಚದ ಮೇಲಿಂದಲೇ ಕೇಳುತ್ತಾರೆ. ಒಂದು ದಿನ ಅವಳು ತಾನು ಬರೆದದ್ದನ್ನೂ ಅರ್ಥ ಹೇಳಿ ಓದಿದಳು. ಇದ್ದತ್ ಎಂಬಲ್ಲಿ 'ವೈಟಿಂಗ್ ಪೀರಿಯಡ್' ಎಂದು ಹಾಕಿದ್ದಳು. ಅಜ್ಜ ತೀರಿಕೊಂಡಾಗ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂತವರು ಅಜ್ಜಿ.

"ವೈಟಿಂಗ್ ಅಂದ್ರೆ ಬಸ್ಸಿಗೆ ಕಾಯುವುದಲ್ವಾ? ನಾನು ಯಾರಿಗೆ ಕಾಯುತ್ತಿದ್ದೆ?" ಎಂದು ಕೇಳಿದರು.

ಆ ಪುಟವನ್ನು ಅವಳು ಮೂರು ಸಲ ಬರೆದಿದ್ದಾಳಂತೆ. ಈಗ ಅದರಲ್ಲಿ ಅಜ್ಜಿಯ ಪ್ರಶ್ನೆಯೂ ಉಂಟು.