ಪಾತ್ರದ ವಯಸ್ಸು, ಪಾತ್ರಧಾರಿಯ ವಯಸ್ಸು

ಕಳೆದ ದೀಪಾವಳಿಯ ರಜೆಯಲ್ಲಿ ಇಚಲಕರಂಜಿಯ ನನ್ನ ಅಕ್ಕನ ಮನೆಯಲ್ಲಿ ಹೊಸ ಬಗೆಯ ಒಂದು ಆಟವನ್ನು ಆಡುವ ಪ್ರಸಂಗ ಒದಗಿತು. ಪುಣೆಯಲ್ಲಿ ಓದುತ್ತಿರುವ ಅವಳ ಹಿರಿಯ ಮಗನು ಅದನ್ನು ಕಲಿತು ಬಂದಿದ್ದನು. ಮೇಜಿನ ಸುತ್ತ ಐವರು ಕುಳಿತೆವು: ಇಪ್ಪತ್ತರ ಆ ತರುಣ, ಹತ್ತು ವರ್ಷದ ಅವನ ತಮ್ಮ, ನೆರೆಮನೆಯ ಹದಿನಾಲ್ಕರ ಇಬ್ಬರು ಬಾಲಕರು, ಐವತ್ತು ದಾಟಿದ ನಾನು. ಒಂದು ಗಂಟೆ ಕಳೆಯುವಷ್ಟರಲ್ಲಿ ಹತ್ತು ವರ್ಷದವನು ಸದ್ದಿಲ್ಲದೆ ಎದ್ದುಹೋಗಿ, ಪಡಸಾಲೆಯ ಮೂಲೆಯಲ್ಲಿ ಪಟಾಕಿ ಎಣಿಸುತ್ತ ಕುಳಿತನು. ತಪ್ಪು ನನ್ನದಾಗಿತ್ತು. ಅದೇನೆಂದು ಹೇಳುವ ಮೊದಲು ಆಟದ ಸ್ವರೂಪವನ್ನು ತಿಳಿಸಬೇಕು.

ಈ ಆಟದಲ್ಲಿ ಹಾಸು, ಕಾಯಿಗಳಿಗಿಂತ ಮಾತೇ ಮುಖ್ಯ. ಒಬ್ಬನು ಸೂತ್ರಧಾರನಾಗಿ ಸನ್ನಿವೇಶವನ್ನು ವರ್ಣಿಸುತ್ತಾನೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ. ನಮ್ಮ ಕಥೆಯಲ್ಲಿ ಸೀರೆಗಳನ್ನು ಹೇರಿದ ಎತ್ತಿನ ಗಾಡಿಗಳು ಗಡಹಿಂಗ್ಲಜ, ಆಜರಾಗಳನ್ನು ಹಾಯ್ದು, ಅಂಬೋಲಿ ಘಟ್ಟವನ್ನಿಳಿದು ಸಾವಂತವಾಡಿಗೆ ಹೋಗಬೇಕಾಗಿತ್ತು. ನಾನು ವ್ಯಾಪಾರಿ, ಚಿಕ್ಕವನು ಗಾಡಿ ಹೊಡೆಯುವವನು. "ದಾರಿಯಲ್ಲಿ ಹುಲಿಯ ಹೆಜ್ಜೆ ಕಾಣುತ್ತಿದೆ, ಏನು ಮಾಡುವಿರಿ?" ಎಂದು ಸೂತ್ರಧಾರನು ಕೇಳಿದರೆ ಪ್ರತಿಯೊಬ್ಬನೂ ತನ್ನ ಪಾತ್ರದ ಬಾಯಿಂದ ಉತ್ತರಿಸಬೇಕು. ಯತ್ನವು ಫಲಿಸಿತೇ ಇಲ್ಲವೇ ಎಂಬುದನ್ನು ದಾಳವು ನಿರ್ಣಯಿಸುತ್ತದೆ. ಇಪ್ಪತ್ತು ಮುಖಗಳ ದಾಳವನ್ನು ನಾನು ಅಂದೇ ಮೊದಲು ಕಂಡದ್ದು.

ಇದು ಅಚ್ಚಿನ ರೂಪದಲ್ಲಿ ಮೊದಲು ಹೊರಬಂದದ್ದು 1974ರಲ್ಲಿ, ಅಮೇರಿಕೆಯಲ್ಲಿ, 'ಡಂಜನ್ಸ್ ಆಂಡ್ ಡ್ರಾಗನ್ಸ್' ಎಂಬ ಹೆಸರಿನಿಂದ. ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತೃಗಳು. ಅದಕ್ಕೂ ಮುನ್ನ ಗೈಗಾಕ್ಸ್ ತನ್ನ ಕರಡು ನಿಯಮಗಳನ್ನು ಮೊಟ್ಟಮೊದಲು ಪರೀಕ್ಷಿಸಿದ್ದು ಯಾರ ಮೇಲೆ ಬಲ್ಲಿರಾ? ಸ್ವಂತ ಮಕ್ಕಳಾದ ಅರ್ನಿ ಮತ್ತು ಎಲೀಸ್ ಎಂಬವರ ಮೇಲೆ. ತಂದೆಗೆ ಮೂವತ್ತು ದಾಟಿತ್ತು. ಮಕ್ಕಳು ಶಾಲೆಗೆ ಹೋಗುವವರು. ಬಳಿಕ ಆ ಮೇಜಿಗೆ ಹದಿಹರೆಯದ ಹುಡುಗರೂ ಪ್ರಾಯದವರೂ ಬಂದು ಸೇರಿದರು. ಎಂದಮೇಲೆ ಇದು ಹುಟ್ಟಿದಂದಿನಿಂದಲೂ ಮಿಶ್ರ ವಯಸ್ಸಿನವರ ಆಟವೇ ಆಗಿದೆ.

ಹಿರಿಯರು ಕಿರಿಯರು ಕೂಡಿ ಆಡುವುದು ನಮಗೇನೂ ಹೊಸತಲ್ಲ. ಅಜ್ಜಿಯೂ ಮೊಮ್ಮಗಳೂ ಚೌಕಾಬಾರಕ್ಕೆ ಕುಳಿತರೆ, ನಾಲ್ಕು ಕವಡೆಗಳು ಬಾಯಿ ಮೇಲಾಗಿ ಬಿದ್ದಾಗ ಇಬ್ಬರಿಗೂ ನಾಲ್ಕೇ ಮನೆ. ಕವಡೆಗೆ ವಯಸ್ಸು ತಿಳಿಯದು. ಸರದಿಯೂ ತಪ್ಪದೆ ಬರುತ್ತದೆ. ಆದರೆ ಮಾತಿನ ಆಟದಲ್ಲಿ ಸರದಿಯನ್ನು ಕಾಯುವ ಕವಡೆಯಿಲ್ಲ. ಹೆಚ್ಚು ಶಬ್ದಗಳು ಯಾರ ಬಳಿಯಲ್ಲಿವೆಯೋ, ಯಾರ ಧ್ವನಿಗೆ ಮನೆಯವರು ತಲೆಬಾಗುತ್ತಾರೋ ಅವರದೇ ಆಟವಾಗಿಬಿಡುತ್ತದೆ. ನಾನು ಮಾಡಿದ್ದೂ ಅದನ್ನೇ. ಹುಲಿಯ ಸುಳಿವು ಸಿಕ್ಕಾಗ ಗಾಡಿಯವನು ಬಾಯಿ ತೆರೆಯುವ ಮೊದಲೇ, "ದೊಂದಿ ಹಚ್ಚಿರಿ, ಎತ್ತು ಬಿಚ್ಚಬೇಡಿರಿ" ಎಂದು ಅಪ್ಪಣೆ ಕೊಟ್ಟೆನು. ಹದಿನಾಲ್ಕರವರು ಒಪ್ಪಿದರು. ಅವರು ಒಪ್ಪಿದ್ದು ವ್ಯಾಪಾರಿಯ ಮಾತನ್ನಲ್ಲ, ಮಾಮಾನ ಮಾತನ್ನು. ಎತ್ತುಗಳ ವಿಷಯದಲ್ಲಿ ಗಾಡಿಯವನನ್ನು ಕೇಳುವವರೇ ಇಲ್ಲವಾದರು.

ನಮ್ಮ ಭಾಷೆಯಲ್ಲಿ ಈ ತೊಡಕು ಇನ್ನಷ್ಟು ಬಿಗಿಯಾಗಿದೆ. ಇಂಗ್ಲಿಷಿನಲ್ಲಿ ಅರಸನಿಗೂ ಆಳಿಗೂ ಒಂದೇ ಸರ್ವನಾಮ ಸಾಲುತ್ತದೆ. ಕನ್ನಡದಲ್ಲಿ ಬಾಲಕನು ಅರಸನ ಪಾತ್ರ ವಹಿಸಿ, ಆಳಾಗಿ ಕುಳಿತ ಅಜ್ಜನನ್ನು 'ನೀನು' ಎನ್ನಬೇಕಾದರೆ ನಾಲಿಗೆ ತಡೆಯುತ್ತದೆ. 'ನೀವು' ಎಂದನೋ, ಅರಸುತನ ಅಲ್ಲಿಗೆ ಮುಗಿಯಿತು.

ಇದಕ್ಕೆ ಪರಿಹಾರವನ್ನು ಸಾಗರದಾಚೆ ಅರಸಬೇಕಾಗಿಲ್ಲ. ಕಾಸರಗೋಡು ಹಾಗೂ ಕರ್ನಾಟಕದ ಕರಾವಳಿಯಲ್ಲಿ ತಾಳಮದ್ದಳೆ ಎಂಬ ಕಲೆಯುಂಟು. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಎದುರುಬದುರಾಗಿ ಕುಳಿತು, ಭಾಗವತನು ಹಾಡಿದ ಪದ್ಯವನ್ನು ಆಧಾರವಾಗಿಟ್ಟುಕೊಂಡು, ಬರೆದಿಡದ ಮಾತುಗಳಲ್ಲಿ ರಾಮನಾಗಿ, ವಾಲಿಯಾಗಿ ವಾದಿಸುತ್ತಾರೆ. ಮೇಜಿನ ಆಟಕ್ಕೆ ಇದಕ್ಕಿಂತ ಸಮೀಪದ ಬಂಧು ನಮ್ಮಲ್ಲಿ ಬೇರೊಂದಿಲ್ಲ. ಅಭಿಮನ್ಯು ಕಾಳಗದಲ್ಲಿ ದ್ರೋಣನನ್ನೂ, ಬಭ್ರುವಾಹನ ಕಾಳಗದಲ್ಲಿ ಹೆತ್ತ ತಂದೆಯನ್ನೂ ಎಳೆಯನು ಎದುರಿಸುತ್ತಾನೆ. ನರೆತ ತಲೆಯವರು ಅಭಿಮನ್ಯುವಾಗುವುದಕ್ಕೂ, ಮೀಸೆ ಚಿಗುರದವನು ದ್ರೋಣನಾಗುವುದಕ್ಕೂ ಅಡ್ಡಿಯಿಲ್ಲ. ಪಾತ್ರವು ಆಡಿದ ಬಿರುನುಡಿಯನ್ನು ಎದುರಿಗೆ ಕುಳಿತ ವಿದ್ವಾಂಸರು ತಮ್ಮ ಅವಮಾನವೆಂದು ಭಾವಿಸುವಂತಿಲ್ಲ. ಹಿರಿಯರ ವಾಗ್ಝರಿಯಲ್ಲಿ ಕಿರಿಯನು ಕೊಚ್ಚಿಹೋಗುವ ಭಯ ಅಲ್ಲಿಯೂ ಇಲ್ಲದಿಲ್ಲ. ಆದರೆ ಮಾತು ಅತಿಯಾಗಿ ಲಂಬಿಸಿದಾಗ ಮುಂದಿನ ಪದ್ಯವನ್ನೆತ್ತಿ ಕಥೆಯನ್ನು ಮುಂದೆ ಸಾಗಿಸುವ ಅಧಿಕಾರ ಭಾಗವತನ ಕೈಯಲ್ಲಿದೆ. ಮೇಜಿನ ಸೂತ್ರಧಾರನಿಗೂ ಈ ಧೈರ್ಯ ಬೇಕು. ಇಪ್ಪತ್ತರವನು ಐವತ್ತರವನಿಗೆ, "ವ್ಯಾಪಾರಿಯು ಸ್ವಲ್ಪ ತಡೆಯಲಿ, ಈಗ ಗಾಡಿಯವನ ಸರದಿ" ಎಂದು ಹೇಳಲೇಬೇಕು.

ನಮ್ಮ ಜಿಲ್ಲೆಯ ನಾಟಕದ ಇತಿಹಾಸದಲ್ಲಿಯೂ ವಯಸ್ಸು ಅಡ್ಡಿಯಾಗದ ಉದಾಹರಣೆಯೊಂದಿದೆ. 1890ರಲ್ಲಿ ಕೊಲ್ಹಾಪುರದಲ್ಲಿ ಜನಿಸಿ, ಬಾಲ್ಯದಲ್ಲಿಯೇ ರಂಗವನ್ನೇರಿದ ಕೇಶವರಾವ ಭೋಸಲೆಯವರು 1908ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಹುಬ್ಬಳ್ಳಿಯಲ್ಲಿ 'ಲಲಿತಕಲಾದರ್ಶ' ನಾಟಕ ಮಂಡಳಿಯನ್ನು ಸ್ಥಾಪಿಸಿದರು. 2024ರ ಆಗಸ್ಟಿನಲ್ಲಿ ಬೆಂಕಿಗೆ ಆಹುತಿಯಾದ ನಮ್ಮ ನಾಟ್ಯಗೃಹಕ್ಕೆ ಇದ್ದದ್ದು ಅವರದೇ ಹೆಸರು.

ಪಾಲಕರು ಇನ್ನೊಂದು ಸಂಗತಿಯನ್ನು ಲಕ್ಷಿಸಬೇಕು. ಇಂಥ ಆಟಗಳ ಪೆಟ್ಟಿಗೆಯ ಮೇಲೆ ವಯಸ್ಸನ್ನು ಮುದ್ರಿಸಿರುತ್ತಾರೆ. 1981ರ ಪ್ರಾರಂಭಿಕರ ಪೆಟ್ಟಿಗೆಯಲ್ಲಿ 10 ವರ್ಷ, ಈಚಿನವುಗಳಲ್ಲಿ 12 ಎಂದಿದೆ. ಆ ಅಂಕಿಯು ನಿಯಮಗಳನ್ನು ಓದಿ ತಿಳಿಯುವ ಶಕ್ತಿಗೆ ಸಂಬಂಧಿಸಿದ್ದಾದೀತು. ಕಥೆಯಲ್ಲಿ ಏನು ಬರುತ್ತದೆ ಎಂಬುದನ್ನು ಅದು ಹೇಳದು. ತರುಣರಿಗೆ ರುಚಿಸುವ ರಕ್ತಪಾತ, ಭೀತಿಗಳು ಎಳೆಯರ ನಿದ್ದೆಯನ್ನು ಕೆಡಿಸಬಲ್ಲವು. ಆದ್ದರಿಂದ ಯಾವುದು ಕಥೆಯಲ್ಲಿ ಬರಬಾರದೆಂಬುದನ್ನು ಕುಳಿತವರಲ್ಲಿ ಅತಿ ಕಿರಿಯನನ್ನು ನೋಡಿ ಮೊದಲೇ ನಿಶ್ಚಯಿಸುವುದು ಲೇಸು. ಅಪರಿಚಿತ ಪ್ರೌಢರೊಡನೆ ಮಕ್ಕಳನ್ನು ಮುಚ್ಚಿದ ಕೋಣೆಯಲ್ಲಿ ಆಡಲು ಬಿಡಬಾರದು; ಮನೆಯವರು ಓಡಾಡುವ ಪಡಸಾಲೆಯೇ ತಕ್ಕ ಸ್ಥಳ.

ಮರುದಿನ ಸಂಜೆ ನಾವು ಪಾತ್ರಗಳನ್ನು ಬದಲಿಸಿದೆವು. ಚಿಕ್ಕವನನ್ನು ಒಪ್ಪಿಸುವುದು ಸುಲಭವಾಗಲಿಲ್ಲ; ಘಟ್ಟದ ಮೇಲಿನ ಊರಿನ ಮುದಿ ಗೌಡನ ಪಾತ್ರ ಕೊಟ್ಟರೆ ಮಾತ್ರ ಬರುವೆನೆಂದನು. ನಾನು ಅವನ ಆಳಾದೆನು. ಅವನು ಮೊದಲು ತಡವರಿಸಿದನು. ಬಳಿಕ ಬೆನ್ನು ಬಗ್ಗಿಸಿ, ಇಲ್ಲದ ಮೀಸೆಯನ್ನು ತಿರುವಿ, "ಏ ತಮ್ಮಾ, ಗಾಡಿ ಎಲ್ಲಿ ಬಿಟ್ಟಿ? ಎತ್ತಿಗೆ ನೀರು ಕುಡಿಸಿದ್ಯೋ ಇಲ್ಲೋ?" ಎಂದು ಗದರಿದನು. ಅಡಿಗೆಮನೆಯಿಂದ ಅಕ್ಕ, "ಮಾಮಾಗ ಹಂಗ ಅಂತಾರೇನೋ?" ಎಂದು ಕೂಗಿದಳು.

"ನಾ ಅಂದಿಲ್ಲವ್ವಾ," ಎಂದನು ಅವನು, ಬೆನ್ನನ್ನು ನೆಟ್ಟಗೆ ಮಾಡದೆಯೇ, "ಗೌಡ ಅಂದಾನ."

ಎತ್ತಿಗೆ ನೀರು ಕುಡಿಸಿರಲಿಲ್ಲ. ನಾನು ಕೊಡ ತರಲು ಹೊರಟೆನು.